ಅಮೆರಿಕದ ಕಾಲೇಜಿಗೆ ಟೆನಿಸ್ ಆಡಲು ಹೊರಟ ಮಗಳು ಮತ್ತು ದಿನಾ ಬದಲಾಗುವ ನಿಯಮಗಳು

ಪ್ರಶ್ನೆ: ನಾವು ಮೈಸೂರಿನವರು. ಮಗಳು ಎರಡನೇ ಪಿಯುಸಿಯಲ್ಲಿದ್ದಾಳೆ. ಎಂಟನೇ ವಯಸ್ಸಿನಿಂದ ಟೆನಿಸ್ ಆಡುತ್ತಿದ್ದಾಳೆ. ಅಮೆರಿಕದ ಕಾಲೇಜು ಕ್ರೀಡೆಯ ಅತಿ ಮೇಲಿನ ಮಟ್ಟವಾದ ಡಿವಿಷನ್ 1ರ ಒಂದು ಕಾಲೇಜಿನ ಕೋಚ್ ಸ್ಕಾಲರ್‌ಶಿಪ್ ಕೊಡುವುದಾಗಿ ಹೇಳಿದ್ದಾರೆ. ಆಗಸ್ಟ್‌ನಲ್ಲಿ ಸೇರಬೇಕು. ಅಲ್ಲಿನ ಕಾಲೇಜು ಕ್ರೀಡೆ ನೋಡಿಕೊಳ್ಳುವ ಎನ್‌ಸಿಎಎ ಸಂಸ್ಥೆಯ ನಿಯಮಗಳನ್ನು ಓದೋಣ ಅಂತ ಕೂತರೆ ತಲೆ ಕೆಟ್ಟು ಹೋಗುತ್ತದೆ. ಒಂದು ಕಡೆ ಸರಿ ಅಂದಿದ್ದು ಇನ್ನೊಂದು ಕಡೆ ತಪ್ಪು ಅಂತಿರುತ್ತದೆ. ಅವಳಿಗೆ ಟೂರ್ನಮೆಂಟ್‌ಗಳಲ್ಲಿ ಅಲ್ಪಸ್ವಲ್ಪ ಬಹುಮಾನದ ಹಣ ಬಂದಿದೆ. ಇಲ್ಲಿನ ಸ್ಪೋರ್ಟ್ಸ್ ಅಂಗಡಿಯವರೊಬ್ಬರು ಎರಡು ರಾಕೆಟ್ ಕೊಟ್ಟು, ಬ್ಯಾನರ್‌ನಲ್ಲಿ ಅವಳ ಫೋಟೊ ಹಾಕುತ್ತೇವೆ ಎನ್ನುತ್ತಿದ್ದಾರೆ. ನ್ಯೂಜೆರ್ಸಿಯಲ್ಲಿರುವ ನನ್ನ ತಮ್ಮ ವಿಮಾನದ ಟಿಕೆಟ್ ನಾನೇ ಕೊಡಿಸುತ್ತೇನೆ ಎನ್ನುತ್ತಿದ್ದಾನೆ. ಇದರಲ್ಲಿ ಯಾವುದು ಮಾಡಬಹುದು, ಯಾವುದು ಮಾಡಬಾರದು? ಈ ನಿಯಮಗಳನ್ನೆಲ್ಲ ನಾವು ನೆನಪಿಟ್ಟುಕೊಳ್ಳುವುದಾದರೂ ಹೇಗೆ?

ಉತ್ತರ: ಮೊದಲು ಮಗಳಿಗೆ ಅಭಿನಂದನೆ ಹೇಳಿ. ಡಿವಿಷನ್ 1 ತಂಡದಲ್ಲಿ ಜಾಗ ಸಿಗುವುದು ಸಣ್ಣ ಮಾತಲ್ಲ. ಮಹೇಶ್ ಭೂಪತಿ ಮಿಸಿಸಿಪ್ಪಿ ವಿಶ್ವವಿದ್ಯಾಲಯಕ್ಕೆ ಆಡಿ 1995ರಲ್ಲಿ ಎನ್‌ಸಿಎಎ ಡಬಲ್ಸ್ ಗೆದ್ದರು. ಸೋಮದೇವ್ ದೇವವರ್ಮನ್ ವರ್ಜೀನಿಯಾ ವಿಶ್ವವಿದ್ಯಾಲಯಕ್ಕೆ ಆಡಿ 2007 ಮತ್ತು 2008ರಲ್ಲಿ ಸಿಂಗಲ್ಸ್ ಗೆದ್ದರು. ನಿಮ್ಮ ಮಗಳು ಹೊರಟಿರುವುದೂ ಅದೇ ದಾರಿಯಲ್ಲಿ.

ಇನ್ನು ನಿಮ್ಮ ಕೊನೆಯ ಪ್ರಶ್ನೆಯಿಂದಲೇ ಶುರು ಮಾಡುತ್ತೇನೆ. ನಾನು ಅಮೆರಿಕದ ಒಂದು ವಿಶ್ವವಿದ್ಯಾಲಯದ ಕ್ರೀಡಾ ವಿಭಾಗದಲ್ಲಿ ನಿಯಮ ಪಾಲನೆ ನೋಡಿಕೊಳ್ಳುವ ಆಫೀಸಿನಲ್ಲಿ 14 ವರ್ಷದಿಂದ ಇದ್ದೇನೆ. ಇಲ್ಲಿ ಇದನ್ನು ಕಂಪ್ಲಯನ್ಸ್ ಆಫೀಸ್ ಎನ್ನುತ್ತಾರೆ. ಡಿವಿಷನ್ 1ರ ನಿಯಮ ಪುಸ್ತಕ 400 ಪುಟಕ್ಕಿಂತ ಜಾಸ್ತಿ ಇದೆ. ಅದನ್ನು ಬಾಯಿಪಾಠ ಮಾಡಿದವರು ನನ್ನ ಆಫೀಸಿನಲ್ಲೂ ಯಾರೂ ಇಲ್ಲ. ನೀವೂ ಆ ಆಸೆ ಬಿಟ್ಟುಬಿಡಿ. ನೀವು ಕಲಿಯಬೇಕಾದ ಅಭ್ಯಾಸ ಒಂದೇ: ಏನೇ ಮಾಡುವ ಮೊದಲು ಕೇಳುವುದು, ಬಂದ ಉತ್ತರವನ್ನು ಬರಹದಲ್ಲಿ ಇಟ್ಟುಕೊಳ್ಳುವುದು. ಇದು ಯಾಕೆ ಇಷ್ಟು ಮುಖ್ಯ ಅನ್ನುವುದಕ್ಕೆ ಒಂದು ನಿಜ ಘಟನೆ ಹೇಳುತ್ತೇನೆ. ಅದೂ ಟೆನಿಸ್‌ನದೇ.

ಮ್ಯಾಸಚೂಸೆಟ್ಸ್ ವಿಶ್ವವಿದ್ಯಾಲಯದ ಆಮ್‌ಹರ್ಸ್ಟ್ ಕ್ಯಾಂಪಸ್‌ನ ಮಹಿಳಾ ಟೆನಿಸ್ ತಂಡ 2017ರಲ್ಲಿ ಅಟ್ಲಾಂಟಿಕ್ 10 ಕಾನ್ಫರೆನ್ಸ್‌ನ (ತಮ್ಮತಮ್ಮಲ್ಲಿ ಆಡುವ ಕಾಲೇಜುಗಳ ಗುಂಪು) ಚಾಂಪಿಯನ್ ಆಗಿತ್ತು. ತಂಡದ ಇಬ್ಬರು ಆಟಗಾರ್ತಿಯರು ಹಾಸ್ಟೆಲ್ ಬಿಟ್ಟು ಹೊರಗೆ ಮನೆ ಮಾಡಿಕೊಂಡಿದ್ದರು. ಹಾಸ್ಟೆಲ್ ರೂಮಿನ ಲ್ಯಾಂಡ್‌ಲೈನ್ ಫೋನಿನ ಖರ್ಚು ಅವರ ಸ್ಕಾಲರ್‌ಶಿಪ್ ಲೆಕ್ಕದಲ್ಲಿ ಸೇರಿತ್ತು. ಮನೆ ಬದಲಿಸಿದ ಮೇಲೆ ಅದನ್ನು ತೆಗೆಯಬೇಕಿತ್ತು. ಆಫೀಸಿನವರು ಮರೆತರು. ಒಬ್ಬೊಬ್ಬರಿಗೆ 252 ಡಾಲರ್ ಜಾಸ್ತಿ ಹೋಯಿತು. ಆ ಹುಡುಗಿಯರಿಗೆ ಅದು ಗೊತ್ತೇ ಇರಲಿಲ್ಲ. ಮುಂದೆ ವಿಶ್ವವಿದ್ಯಾಲಯವೇ ತಪ್ಪನ್ನು ಕಂಡುಹಿಡಿದು ಎನ್‌ಸಿಎಎಗೆ ತಿಳಿಸಿತು. ಪುರುಷರ ಬ್ಯಾಸ್ಕೆಟ್‌ಬಾಲ್ ತಂಡದಲ್ಲೂ ಇಂಥದ್ದೇ ಲೆಕ್ಕದ ತಪ್ಪಾಗಿತ್ತು. 2020ರ ಅಕ್ಟೋಬರ್‌ನಲ್ಲಿ ತೀರ್ಪು ಬಂತು. ಆ ಆಟಗಾರ್ತಿಯರು ಆಡಿದ ಗೆಲುವುಗಳನ್ನು ದಾಖಲೆಯಿಂದ ತೆಗೆದುಹಾಕಿದರು. 2017ರ ಚಾಂಪಿಯನ್ ಪಟ್ಟವೂ ಹೋಯಿತು. ಮೇಲ್ಮನವಿಯಲ್ಲೂ ತೀರ್ಪು ಬದಲಾಗಲಿಲ್ಲ.

ಬಳಸದೇ ಇದ್ದ ಒಂದು ಫೋನ್ ಕನೆಕ್ಷನ್ನಿನ ಹಣಕ್ಕೆ ಇಡೀ ತಂಡದ ಬೆವರು ಅಳಿಸಿಹೋಯಿತು. ಇದನ್ನು ನಿಮ್ಮನ್ನು ಹೆದರಿಸೋಕೆ ಹೇಳುತ್ತಿಲ್ಲ. ಇಲ್ಲಿ ತಪ್ಪು ಆಗುವುದು ಕೆಟ್ಟ ಕೆಲಸ ಮಾಡಿದವರಿಂದ ಮಾತ್ರ ಅಲ್ಲ. ಜಾಸ್ತಿ ಆಗುವುದು ಸುಮ್ಮನೆ ಇದ್ದವರಿಂದ. ಅದಕ್ಕೇ ಸ್ಕಾಲರ್‌ಶಿಪ್ಪಿನ ಹಣ ಬಂದಾಗ ಪ್ರತಿ ಸಾಲನ್ನೂ ಮಗಳು ಓದಬೇಕು. ಅರ್ಥವಾಗದ ಒಂದು ಸಾಲು ಕಂಡರೆ, ಅದು 20 ಡಾಲರ್ ಆಗಿರಲಿ, ಏನಿದು ಅಂತ ಮೇಲ್ ಹಾಕಬೇಕು.

ಒಂದು ಕಡೆ ಸರಿ, ಇನ್ನೊಂದು ಕಡೆ ತಪ್ಪು ಅಂತ ನಿಮಗೆ ಕಾಣುವುದಕ್ಕೂ ಕಾರಣ ಇದೆ. ನಿಯಮ ಮಾಡುವವರು ಒಬ್ಬರಲ್ಲ. ಎನ್‌ಸಿಎಎ ಇದೆ. ಅದರ ಕೆಳಗೆ ಕಾಲೇಜು ಸೇರಿರುವ ಕಾನ್ಫರೆನ್ಸ್ ಇದೆ. ಆ ರಾಜ್ಯದ ಕಾನೂನು ಇದೆ. ಕಾಲೇಜಿನದೇ ನಿಯಮ ಇದೆ. 2025ರಿಂದ ಕಾಲೇಜ್ ಸ್ಪೋರ್ಟ್ಸ್ ಕಮಿಷನ್ ಎಂಬ ಹೊಸ ಸಂಸ್ಥೆಯೂ ಸೇರಿಕೊಂಡಿದೆ. ಇದೆಲ್ಲದರ ಮೇಲೆ, ನಿಮ್ಮ ಮಗಳ ಮಟ್ಟಿಗೆ, ಅಮೆರಿಕ ಸರ್ಕಾರದ ಎಫ್-1 ವಿದ್ಯಾರ್ಥಿ ವೀಸಾದ ನಿಯಮ ಇದೆ. ಒಬ್ಬರು ಆಗಲಿ ಅಂದಿದ್ದಕ್ಕೆ ಇನ್ನೊಬ್ಬರು ಬೇಡ ಅನ್ನಬಹುದು. ಯಾರದು ಹೆಚ್ಚು ಬಿಗಿಯೋ ಅದನ್ನೇ ಪಾಲಿಸಬೇಕು.

ಅದರ ಜೊತೆಗೆ ಎಲ್ಲವೂ ಬದಲಾಗುತ್ತಿದೆ. 2021ರ ಜುಲೈ 1ರ ತನಕ ಆಟಗಾರರು ತಮ್ಮ ಹೆಸರು, ಫೋಟೊ ಬಳಸಿ ಒಂದು ಡಾಲರ್ ಸಂಪಾದಿಸಿದರೂ ತಪ್ಪಾಗುತ್ತಿತ್ತು. ಆ ದಿನದಿಂದ ಅದು ಸರಿಯಾಯಿತು. ಇದಕ್ಕೆ ಇಲ್ಲಿ ಎಲ್ಲರೂ ಎನ್‌ಐಎಲ್ ಅಂತಲೇ ಹೇಳುತ್ತಾರೆ. 2024ರಲ್ಲಿ ಕಾಲೇಜು ಬದಲಿಸುವ ನಿಯಮ ಸಡಿಲವಾಯಿತು. ಅದೇ ವರ್ಷ, ದಶಕಗಳಿಂದ ಇದ್ದ ನ್ಯಾಷನಲ್ ಲೆಟರ್ ಆಫ್ ಇಂಟೆಂಟ್ ಎಂಬ ಒಪ್ಪಂದ ಪತ್ರ ಹೋಯಿತು. 2025ರ ಜೂನ್ 6ರಂದು ನ್ಯಾಯಾಧೀಶೆ ಕ್ಲಾಡಿಯಾ ವಿಲ್ಕನ್ ಆಟಗಾರರು ಎನ್‌ಸಿಎಎ ವಿರುದ್ಧ ಹಾಕಿದ್ದ ಹೌಸ್ ಎಂಬ ಮೊಕದ್ದಮೆಯ ರಾಜಿಗೆ ಒಪ್ಪಿಗೆ ಕೊಟ್ಟರು. ಜುಲೈ 1ರಿಂದ ಕಾಲೇಜುಗಳೇ ಆಟಗಾರರಿಗೆ ನೇರವಾಗಿ ಹಣ ಕೊಡಬಹುದು ಅಂತಾಯಿತು. ಮೊದಲ ವರ್ಷಕ್ಕೆ ಒಂದು ಕಾಲೇಜಿಗೆ ಸುಮಾರು 2 ಕೋಟಿ 5 ಲಕ್ಷ ಡಾಲರ್ ಮಿತಿ. ಆ ರಾಜಿಗೆ ಸೇರಿದ ಕಾಲೇಜುಗಳಲ್ಲಿ ಸ್ಕಾಲರ್‌ಶಿಪ್ ಎಷ್ಟು ಅನ್ನುವ ಮಿತಿ ಹೋಗಿ, ತಂಡದಲ್ಲಿ ಎಷ್ಟು ಜನ ಅನ್ನುವ ಮಿತಿ ಬಂತು. ಟೆನಿಸ್‌ಗೆ 10 ಜನ.

ಈ 10 ಅನ್ನುವ ಸಂಖ್ಯೆ ನಿಮಗೆ ಮುಖ್ಯ. ಕೋಚ್ ಫೋನಿನಲ್ಲಿ ಹೇಳಿದ ಮಾತು ಬೇರೆ, ಸಹಿಯಾದ ಸ್ಕಾಲರ್‌ಶಿಪ್ ಪತ್ರ ಬೇರೆ. ಅವರು ಒಳ್ಳೆಯವರೇ ಇರಬಹುದು. ಆದರೆ ಅವರು ಕಾಲೇಜು ಬಿಟ್ಟು ಬೇರೆ ಕಡೆ ಹೋದರೆ ಆ ಮಾತು ಅವರ ಜೊತೆಗೇ ಹೋಗುತ್ತದೆ. ಪತ್ರ ಕೈಗೆ ಬರುವ ತನಕ ಬೇರೆ ಬಾಗಿಲು ಮುಚ್ಚಬೇಡಿ. ಪತ್ರದಲ್ಲಿ ಎಷ್ಟು ವರ್ಷಕ್ಕೆ, ಎಷ್ಟು ಹಣ, ಗಾಯವಾದರೆ ಏನು ಅನ್ನುವ ಮೂರನ್ನು ಹುಡುಕಿ ಓದಿ.

ನಿಯಮ ಎಷ್ಟು ಬೇಗ ಮಗುಚಿ ಬೀಳುತ್ತದೆ ಅನ್ನುವುದಕ್ಕೆ 2025ರದೇ ಒಂದು ಉದಾಹರಣೆ. ಆಟಗಾರರು ವೃತ್ತಿಪರ ಪಂದ್ಯಗಳ ಮೇಲೆ ಬೆಟ್ ಕಟ್ಟಬಹುದು ಅಂತ ಎನ್‌ಸಿಎಎ ಅಕ್ಟೋಬರ್‌ನಲ್ಲಿ ತೀರ್ಮಾನಿಸಿತು. ಅದು ಜಾರಿಗೆ ಬರುವ ಮೊದಲೇ, ನವೆಂಬರ್‌ನಲ್ಲಿ, ಡಿವಿಷನ್ 1ರ ಕಾಲೇಜುಗಳು ಮತ ಹಾಕಿ ಅದನ್ನು ರದ್ದು ಮಾಡಿದವು. ಅಕ್ಟೋಬರ್‌ನ ಸುದ್ದಿ ಓದಿ ಡಿಸೆಂಬರ್‌ನಲ್ಲಿ ಬೆಟ್ ಕಟ್ಟಿದವರು ನಿಯಮ ಮುರಿದಂತೆ. ಅದಕ್ಕೇ ಯಾವುದೇ ಸುದ್ದಿಯನ್ನು ನಂಬಿ ಹೆಜ್ಜೆ ಇಡಬೇಡಿ ಎನ್ನುತ್ತೇನೆ. ಸುದ್ದಿ ಸುಳ್ಳಲ್ಲದೇ ಇರಬಹುದು, ಹಳೆಯದಾಗಿರುತ್ತದೆ.

ಈಗ ನಿಮ್ಮ ಮೂರು ಪ್ರಶ್ನೆ.

ಬಹುಮಾನದ ಹಣ. ಟೆನಿಸ್‌ಗೆ ಬಹಳ ವರ್ಷದಿಂದ ಇದ್ದ ನಿಯಮ ಹೀಗಿತ್ತು: ಕಾಲೇಜಿಗೆ ಸೇರುವ ಮೊದಲು ಒಂದು ಕ್ಯಾಲೆಂಡರ್ ವರ್ಷದಲ್ಲಿ 10,000 ಡಾಲರ್ ತನಕ ಬಹುಮಾನ ತೆಗೆದುಕೊಳ್ಳಬಹುದಿತ್ತು. ಅದನ್ನು ದಾಟಿದರೆ, ಆಯಾ ಟೂರ್ನಮೆಂಟ್‌ಗೆ ಆದ ಖರ್ಚಿನಷ್ಟು ಮಾತ್ರ. ನಾರ್ತ್ ಕ್ಯಾರೊಲೈನಾ ವಿಶ್ವವಿದ್ಯಾಲಯದ ರೀಸ್ ಬ್ರಾಂಟ್‌ಮೈಯರ್ 2021ರಲ್ಲಿ ಯುಎಸ್ ಓಪನ್ ಆಡಿ ಗೆದ್ದ ಹಣದ ಬಹುಪಾಲನ್ನು ಈ ನಿಯಮದಿಂದ ಬಿಡಬೇಕಾಯಿತು. 2024ರಲ್ಲಿ ಅವರು ಕೋರ್ಟಿಗೆ ಹೋದರು. ಆಗಿನಿಂದ ಈ ನಿಯಮದ ಬುಡ ಅಲುಗಾಡುತ್ತಿದೆ. ಹಾಗಾಗಿ ಮಗಳು ಸೇರುವ ವರ್ಷಕ್ಕೆ ಅನ್ವಯಿಸುವ ನಿಯಮವನ್ನೇ ಕಾಲೇಜಿನಿಂದ ಕೇಳಿ ತರಿಸಿಕೊಳ್ಳಿ.

ನಿಯಮ ಏನೇ ಆಗಲಿ, ಲೆಕ್ಕ ನಿಮ್ಮ ಹತ್ತಿರ ಇರಬೇಕು. ಒಂದು ಎಕ್ಸೆಲ್ ಶೀಟ್ ಸಾಕು. ಟೂರ್ನಮೆಂಟ್ ಹೆಸರು, ಊರು, ತಾರೀಕು, ಗೆದ್ದ ಹಣ, ಎಂಟ್ರಿ ಫೀಸ್, ರೈಲು ಅಥವಾ ಬಸ್ ಟಿಕೆಟ್, ಲಾಡ್ಜ್, ಊಟ, ರಾಕೆಟ್ ಸ್ಟ್ರಿಂಗ್ ಹಾಕಿಸಿದ ಬಿಲ್. ಬಿಲ್‌ಗಳ ಫೋಟೊ ತೆಗೆದಿಡಿ. ಥರ್ಮಲ್ ಪೇಪರ್ ಬಿಲ್ ಆರು ತಿಂಗಳಿಗೆ ಬಿಳಿಚಿಕೊಂಡು ಏನೂ ಕಾಣಲ್ಲ, ಅಲ್ವಾ? ಹಳೆಯದು ಸಿಗದಿದ್ದರೆ ಬ್ಯಾಂಕ್ ಸ್ಟೇಟ್‌ಮೆಂಟ್, ಯುಪಿಐ ಹಿಸ್ಟರಿ ಹುಡುಕಿ. ಆಡುವ ಅರ್ಹತೆ ಇದೆಯಾ ಅಂತ ನೋಡುವ ಎನ್‌ಸಿಎಎ ಎಲಿಜಿಬಿಲಿಟಿ ಸೆಂಟರ್‌ನವರು ಕೇಳಿದ ದಿನ ಕೂತು ನೆನಪು ಮಾಡಿಕೊಳ್ಳುವುದಕ್ಕೆ ಆಗಲ್ಲ.

ಇದರ ಜೊತೆಗೇ ಬರುವ ಇನ್ನೊಂದು ವಿಷಯ ಸಮಯದ್ದು. ಓದು ಮುಗಿಸಿ ಒಂದು ವರ್ಷ ಬರೀ ಟೆನಿಸ್ ಆಡಿ ಆಮೇಲೆ ಸೇರೋಣ ಅಂತ ಕೆಲವರು ಅಂದುಕೊಳ್ಳುತ್ತಾರೆ. ಟೆನಿಸ್‌ನಲ್ಲಿ ಹೈಸ್ಕೂಲ್ ಮುಗಿದ ಮೇಲೆ ಆರು ತಿಂಗಳ ಗಡುವು ಬಹಳ ಕಾಲದಿಂದ ಇತ್ತು. ಅಮೆರಿಕದ ಲೆಕ್ಕದಲ್ಲಿ ನಮ್ಮ ದ್ವಿತೀಯ ಪಿಯುಸಿಯೇ ಹೈಸ್ಕೂಲಿನ ಕೊನೆ. ಗಡುವು ದಾಟಿ ಪಂದ್ಯ ಆಡಿದರೆ ಆಡುವ ಸೀಸನ್ ಒಂದು ಕಳೆದುಹೋಗುತ್ತಿತ್ತು. ನಿಮ್ಮ ಮಗಳು ಈ ಆಗಸ್ಟ್‌ಗೇ ಸೇರುವುದರಿಂದ ತೊಂದರೆ ಇಲ್ಲ. ವೀಸಾ ತಡವಾಗಿ ಜನವರಿಗೆ ಮುಂದೂಡಬೇಕಾಗಿ ಬಂದರೆ ಮಾತ್ರ, ಪಂದ್ಯಕ್ಕೆ ಹೆಸರು ಕೊಡುವ ಮೊದಲು ಕೇಳಿ.

ಅಂಗಡಿಯವರ ರಾಕೆಟ್ ಮತ್ತು ಬ್ಯಾನರ್. 2021ಕ್ಕೆ ಮೊದಲಾಗಿದ್ದರೆ ಬೇಡವೇ ಬೇಡ ಅನ್ನುತ್ತಿದ್ದೆ. ಈಗ ಕಾಲೇಜು ಸೇರುವ ಮೊದಲೂ ಎನ್‌ಐಎಲ್ ಒಪ್ಪಂದ ಮಾಡಿಕೊಳ್ಳಬಹುದು. ಆದರೆ ಎರಡು ಮಾತು. ಒಂದು, ಅದು ನಿಜವಾದ ಕೆಲಸಕ್ಕೆ ಕೊಟ್ಟ ನಿಜವಾದ ಬೆಲೆಯಾಗಿರಬೇಕು. ಫೋಟೊ ಹಾಕಿಕೊಳ್ಳುತ್ತಾರೆ, ರಾಕೆಟ್ ಕೊಡುತ್ತಾರೆ ಅನ್ನುವುದು ಒಂದು ಪುಟದಲ್ಲಿ ಬರೆದು ಇಬ್ಬರೂ ಸಹಿ ಹಾಕಿ. ರಾಕೆಟ್‌ಗಳ ಬೆಲೆಯನ್ನೂ ಬರೆಯಿರಿ. ಕಾಲೇಜಿಗೆ ಸೇರಿದ ಮೇಲೆ 600 ಡಾಲರ್ ಅಥವಾ ಅದಕ್ಕಿಂತ ಹೆಚ್ಚಿನ ಒಪ್ಪಂದಗಳನ್ನು ವರದಿ ಮಾಡಬೇಕು. ಅದಕ್ಕೆ ಎನ್‌ಐಎಲ್ ಗೋ ಎಂಬ ವ್ಯವಸ್ಥೆ ಇದೆ. ಅದಕ್ಕಿಂತ ಕಡಿಮೆ ಇದ್ದರೂ ಕಾಲೇಜಿಗೆ ತಿಳಿಸಿಬಿಡಿ, ಮನಸ್ಸಿಗೆ ನೆಮ್ಮದಿ.

ಎರಡನೆಯದು ವೀಸಾ. ಇದನ್ನು ಮೊದಲನೆಯದಕ್ಕಿಂತ ಗಟ್ಟಿಯಾಗಿ ಹೇಳಬೇಕು. ಎಫ್-1 ವೀಸಾದಲ್ಲಿ ಬಂದವರು ಅನುಮತಿ ಇಲ್ಲದೆ ಕ್ಯಾಂಪಸ್ ಹೊರಗೆ ಕೆಲಸ ಮಾಡುವಂತಿಲ್ಲ. ಅಮೆರಿಕದ ನೆಲದಲ್ಲಿ ನಿಂತು ಜಾಹೀರಾತಿಗೆ ಫೋಟೊ ತೆಗೆಸಿಕೊಳ್ಳುವುದು, ಹಣಕ್ಕೆ ಇನ್‌ಸ್ಟಾಗ್ರಾಮ್ ಪೋಸ್ಟ್ ಹಾಕುವುದು ಕೆಲಸ ಅಂತ ಲೆಕ್ಕವಾಗಬಹುದು. ಎನ್‌ಸಿಎಎ ಸರಿ ಅಂದರೂ ವಲಸೆ ಇಲಾಖೆ ಸರಿ ಅನ್ನಬೇಕಾಗಿಲ್ಲ. ಕೆಂಟಕಿಯ ಬ್ಯಾಸ್ಕೆಟ್‌ಬಾಲ್ ಆಟಗಾರ ಆಸ್ಕರ್ ಚೀಬ್ವೆ ಕಾಂಗೊ ದೇಶದವರು. 2022ರ ಆಗಸ್ಟ್‌ನಲ್ಲಿ ತಂಡ ಬಹಾಮಾಸ್‌ಗೆ ಹೋದಾಗ ಅವರು ತಮ್ಮ ಜಾಹೀರಾತಿನ ಕೆಲಸಗಳನ್ನು ಅಲ್ಲಿ ಮುಗಿಸಿಕೊಂಡರು. ಅಮೆರಿಕದಲ್ಲಿ ಮಾಡುವ ಹಾಗಿರಲಿಲ್ಲ, ಅದಕ್ಕೆ. ನಿಮ್ಮ ಅಂಗಡಿಯ ಒಪ್ಪಂದ ಮಗಳು ವಿಮಾನ ಹತ್ತುವ ಮೊದಲು ಶುರುವಾಗಿ, ಮೊದಲೇ ಮುಗಿಯಲಿ. ಫೋಟೊ ಮೈಸೂರಿನಲ್ಲೇ ತೆಗೆಯಲಿ. ಪ್ರತಿ ತಿಂಗಳು ಒಂದು ರೀಲ್ ಹಾಕಬೇಕು ಅನ್ನುವ ಥರದ ಷರತ್ತು ಇದ್ದರೆ ತೆಗೆಸಿ.

ತಮ್ಮ ಕೊಡಿಸುವ ಟಿಕೆಟ್. ಸ್ವಂತ ಚಿಕ್ಕಪ್ಪ, ಹುಟ್ಟಿದಾಗಿನಿಂದ ಎತ್ತಿ ಆಡಿಸಿದವರು. ಇದು ಮನೆಯ ವಿಷಯ, ಸಾಮಾನ್ಯವಾಗಿ ತೊಂದರೆ ಇಲ್ಲ. ಅವರು ಅದೇ ಕಾಲೇಜಿನಲ್ಲಿ ಓದಿದವರಾ, ಅದರ ಕ್ರೀಡಾ ವಿಭಾಗಕ್ಕೆ ದೇಣಿಗೆ ಕೊಟ್ಟವರಾ ಅಂತ ಒಮ್ಮೆ ಕೇಳಿ. ದೇಣಿಗೆ ಕೊಟ್ಟಿದ್ದರೆ ಅವರು ಬೂಸ್ಟರ್ ಅನ್ನಿಸಿಕೊಳ್ಳುತ್ತಾರೆ. ಆಗಲೂ ಮೊದಲಿನಿಂದ ಇದ್ದ ಸಂಬಂಧಕ್ಕೆ ಬೆಲೆ ಇದೆ, ಆದರೆ ಆಫೀಸಿಗೆ ಮೊದಲೇ ತಿಳಿಸಬೇಕು.

ನನಗೆ ಚಿಕ್ಕಪ್ಪನಿಗಿಂತ ಚಿಂತೆ ಇರುವುದು ಆಮೇಲೆ ಸಿಗುವ ಪ್ರೀತಿಯ ಜನರ ಬಗ್ಗೆ. ಅಲ್ಲಿನ ಕನ್ನಡ ಕೂಟದವರಿಗೆ ನಮ್ಮ ಮೈಸೂರಿನ ಹುಡುಗಿ ತಂಡದಲ್ಲಿದ್ದಾಳೆ ಅಂತ ಗೊತ್ತಾದರೆ ಸುಮ್ಮನಿರುತ್ತಾರಾ? ಯುಗಾದಿಗೆ ಕರೆಯುತ್ತಾರೆ. ಹೋಳಿಗೆ ಊಟ ಹಾಕುತ್ತಾರೆ. ವೇದಿಕೆಗೆ ಕರೆದು ಶಾಲು ಹೊದಿಸಿ, ಹಾರ ಹಾಕಿ, ಫಲತಾಂಬೂಲದ ಜೊತೆ ಒಂದು ಕವರ್ ಕೈಗಿಡುತ್ತಾರೆ. ಶಾಲು, ಹಾರ, ಊಟಕ್ಕೆ ಯಾರೂ ತಲೆ ಕೆಡಿಸಿಕೊಳ್ಳಲ್ಲ. ಆ ಕವರ್‌ನಲ್ಲಿ 501 ಡಾಲರ್ ಇದ್ದು, ಕೊಟ್ಟವರು ಕಾಲೇಜಿನ ದಾನಿಯಾಗಿದ್ದರೆ, ನಮ್ಮ ಆಫೀಸಿಗೆ ಅದು ಒಂದು ಫೈಲ್. ಹಿರಿಯರು ಕೊಟ್ಟಿದ್ದನ್ನು ಬೇಡ ಅನ್ನುವುದು ನಮ್ಮ ಮಕ್ಕಳಿಗೆ ಕಷ್ಟ. ಆದ್ದರಿಂದ ಮೊದಲೇ ಹೇಳಿಕೊಡಿ: "ಅಂಕಲ್, ನಿಮ್ಮ ಆಶೀರ್ವಾದ ಸಾಕು. ಇದನ್ನು ತಗೊಂಡರೆ ನನಗೆ ಆಡೋಕೆ ಬಿಡಲ್ಲ." ಇಷ್ಟು ಹೇಳಿದರೆ ಯಾರೂ ಬೇಜಾರು ಮಾಡಿಕೊಳ್ಳಲ್ಲ.

ನೀವು ಕೇಳಿಲ್ಲ, ಆದರೂ ಕೆಲವು ಹೇಳಲೇಬೇಕು.

ನಮ್ಮ ಕಡೆ ಕಾಲೇಜು ಹುಡುಕಿಕೊಡುವ ಕನ್ಸಲ್ಟೆಂಟ್‌ಗಳು ಇದ್ದಾರೆ. ನಿಗದಿತ ಫೀಸ್ ತೆಗೆದುಕೊಂಡರೆ ಪರವಾಗಿಲ್ಲ. ಸಿಕ್ಕ ಸ್ಕಾಲರ್‌ಶಿಪ್ಪಿನಲ್ಲಿ ಇಷ್ಟು ಪರ್ಸೆಂಟ್ ಕೊಡಿ ಅಂದರೆ ಸಹಿ ಹಾಕಬೇಡಿ. ಎನ್‌ಸಿಎಎ ಅಂಥವರನ್ನು ಏಜೆಂಟ್ ಅಂತ ನೋಡಬಹುದು. ಅದರ ಪೆಟ್ಟು ಬೀಳುವುದು ಮಗಳ ಅರ್ಹತೆಗೆ.

ದಾಖಲೆಗಳ ವಿಷಯಕ್ಕೆ ಬಂದರೆ, 9ನೇ ತರಗತಿಯಿಂದ ಎಲ್ಲ ಅಂಕಪಟ್ಟಿ ಬೇಕಾಗುತ್ತದೆ. ಡಿವಿಷನ್ 1ಕ್ಕೆ ಇಂಗ್ಲಿಷ್, ಗಣಿತ, ವಿಜ್ಞಾನ, ಸಮಾಜ ವಿಜ್ಞಾನದಂಥ 16 ಮುಖ್ಯ ಕೋರ್ಸ್ ಮತ್ತು ಅವುಗಳಲ್ಲಿ ಕನಿಷ್ಠ 2.3 ಜಿಪಿಎ (4ಕ್ಕೆ ಲೆಕ್ಕ ಹಾಕುವ ಸರಾಸರಿ ಅಂಕ) ಲೆಕ್ಕ. ಎಸ್‌ಎಟಿ ಪ್ರವೇಶ ಪರೀಕ್ಷೆಯ ಅಂಕ 2023ರಿಂದ ಎನ್‌ಸಿಎಎಗೆ ಬೇಕಿಲ್ಲ, ಕಾಲೇಜು ಕೇಳಬಹುದು. ಕರ್ನಾಟಕದ ಮಕ್ಕಳು ಎಡವುವುದು ಹೆಸರಿನಲ್ಲಿ. ಎಸ್‌ಎಸ್‌ಎಲ್‌ಸಿ ಅಂಕಪಟ್ಟಿಯಲ್ಲಿ ಹೆಸರಿನ ಮುಂದೆ ಎರಡು ಇನಿಷಿಯಲ್ ಇರುತ್ತದೆ. ಪಾಸ್‌ಪೋರ್ಟ್‌ನಲ್ಲಿ ಅದು ಊರಿನ ಹೆಸರು, ತಂದೆಯ ಹೆಸರು ಅಂತ ಬಿಡಿಸಿ ಸರ್‌ನೇಮ್ ಆಗಿರುತ್ತದೆ. ಅಮೆರಿಕದವರಿಗೆ ಇಬ್ಬರು ಬೇರೆ ಬೇರೆ ಹುಡುಗಿಯರ ಹಾಗೆ ಕಾಣುತ್ತದೆ. ಎರಡೂ ಹೆಸರು ಒಬ್ಬಳದೇ ಅನ್ನುವ ಅಫಿಡವಿಟ್ ಈಗಲೇ ಮಾಡಿಸಿಟ್ಟುಕೊಳ್ಳಿ.

ಇನ್ನು ಓದು. ನನ್ನ ಅನುಭವದಲ್ಲಿ ಹೊರದೇಶದ ಮಕ್ಕಳು ಜಾಸ್ತಿ ಕೈ ಸುಟ್ಟುಕೊಳ್ಳುವುದು ಇಲ್ಲೇ. ಹಣಕ್ಕಿಂತ ಕ್ರೆಡಿಟ್‌ಗಳಲ್ಲಿ, ಅಂದರೆ ಪ್ರತಿ ಕೋರ್ಸಿನ ತೂಕ ಹೇಳುವ ಲೆಕ್ಕದಲ್ಲಿ.

ಒಬ್ಬ ಓಟಗಾರನ ಕಥೆ ಹೇಳುತ್ತೇನೆ. ಬೇರೆ ದೇಶದಿಂದ ಬಂದ ಹುಡುಗ, ತುಂಬಾ ಶಿಸ್ತು. ಒಂದು ಗುರುವಾರ ರಾತ್ರಿ ಕೆಮಿಸ್ಟ್ರಿ ಪರೀಕ್ಷೆಯಲ್ಲಿ ಕಡಿಮೆ ಅಂಕ ಬಂದಿದ್ದು ಗೊತ್ತಾಯಿತು. ಫೇಲ್ ಆದರೆ ಸ್ಕಾಲರ್‌ಶಿಪ್ ಹೋಗುತ್ತದೆ ಅಂತ ಹೆದರಿದ. ರೂಮಿನಲ್ಲಿ ಕೂತು ಮೊಬೈಲ್‌ನಲ್ಲೇ ಆ ಕೋರ್ಸನ್ನು ಡ್ರಾಪ್ ಮಾಡಿಬಿಟ್ಟ. ಒಂದು ಬಟನ್, ಅಷ್ಟೇ. ಅವನ ಹತ್ತಿರ ಇದ್ದದ್ದು ಸರಿಯಾಗಿ 12 ಕ್ರೆಡಿಟ್. ಅದು 9 ಆಯಿತು. 12ಕ್ಕಿಂತ ಕೆಳಗೆ ಇಳಿದ ಕ್ಷಣವೇ ಅಭ್ಯಾಸಕ್ಕೂ ಇಲ್ಲ, ಪಂದ್ಯಕ್ಕೂ ಇಲ್ಲ. ಜೊತೆಗೆ ಎಫ್-1 ವೀಸಾಕ್ಕೂ ಪೂರ್ಣಾವಧಿ ವಿದ್ಯಾರ್ಥಿಯಾಗಿರಬೇಕು. ಹೆದರಿದ್ದು ಸ್ಕಾಲರ್‌ಶಿಪ್ಪಿಗೆ, ಅಪಾಯಕ್ಕೆ ಸಿಕ್ಕಿದ್ದು ದೇಶದಲ್ಲಿ ಉಳಿಯುವ ಹಕ್ಕು.

ಶುಕ್ರವಾರ ಬೆಳಗ್ಗೆ 5 ಗಂಟೆಗೆ ನನ್ನ ಮೊಬೈಲ್‌ಗೆ ರಿಜಿಸ್ಟ್ರಾರ್ ಆಫೀಸಿನ ಕಂಪ್ಯೂಟರ್ ಕಳಿಸುವ ಎಚ್ಚರಿಕೆ ಬಂತು. 6 ಗಂಟೆಗೆ ತಂಡದ ಬಸ್ ಹೊರಡಬೇಕಿತ್ತು. ನಾನು ಹೋದಾಗ ಅವನು ಬ್ಯಾಗ್ ಹಾಕಿ, ಕಿವಿಗೆ ಹೆಡ್‌ಫೋನ್ ಸಿಕ್ಕಿಸಿಕೊಂಡು ಕಿಟಕಿ ಪಕ್ಕ ಕೂತಿದ್ದ. ಕೆಳಗೆ ಇಳಿಸಿದೆ. ಯಾಕೆ ಅಂತ ಹೇಳಿದಾಗ ಅವನ ಮುಖ ಬಿಳುಚಿಹೋಯಿತು. ಅವತ್ತು ಅವನು ಓಡಲಿಲ್ಲ. ಆದರೆ ಅಂದೇ ಮಧ್ಯಾಹ್ನ ವಿದೇಶಿ ವಿದ್ಯಾರ್ಥಿಗಳ ಸಲಹೆಗಾರರು, ಅಕಾಡೆಮಿಕ್ ಸಲಹೆಗಾರರು, ನಾನು ಮೂವರೂ ಕೂತೆವು. ಸೆಮಿಸ್ಟರ್ ಮಧ್ಯದಲ್ಲಿ ಶುರುವಾಗುವ 3 ಕ್ರೆಡಿಟ್‌ನ ಒಂದು ಕೋರ್ಸ್ ಸಿಕ್ಕಿತು. ಸೋಮವಾರಕ್ಕೆ ಮತ್ತೆ 12. ಬಸ್ ಹೊರಟುಹೋಗಿದ್ದರೆ ಅವನು ಅರ್ಹತೆ ಇಲ್ಲದೆ ಓಡಿದಂತಾಗುತ್ತಿತ್ತು. ಗುರುವಾರ ರಾತ್ರಿ ಅವನು ನನಗೆ ಒಂದು ಸಾಲು ಮೆಸೇಜ್ ಹಾಕಿದ್ದರೆ ಇದು ಯಾವುದೂ ಆಗುತ್ತಿರಲಿಲ್ಲ. ಇವತ್ತಿಗೂ ಹೊಸ ಮಕ್ಕಳಿಗೆ ನಾನು ಮೊದಲು ಹೇಳುವುದು ಇದನ್ನೇ: ಕೋರ್ಸ್ ಡ್ರಾಪ್ ಮಾಡುವ ಬಟನ್ ಒತ್ತುವ ಮೊದಲು ನನಗೆ ಫೋನ್ ಮಾಡಿ, ಮಧ್ಯರಾತ್ರಿ ಆದರೂ ಸರಿ.

ಇದೇ ಜಾಗದಲ್ಲಿ ಇನ್ನೊಂದು ಗುಂಡಿ ಇದೆ. ಪಂದ್ಯಗಳಿಗೆ ಓಡಾಡುವ ಮಕ್ಕಳಿಗೆ ಆನ್‌ಲೈನ್ ಕ್ಲಾಸ್ ಅನುಕೂಲ. ಜೊತೆಯ ಅಮೆರಿಕದ ಆಟಗಾರ್ತಿ ಮೂರು ಆನ್‌ಲೈನ್ ಕ್ಲಾಸ್ ತೆಗೆದುಕೊಂಡಿರುತ್ತಾಳೆ. ನಿಮ್ಮ ಮಗಳು ಹಾಗೆ ಮಾಡುವಂತಿಲ್ಲ. ಎಫ್-1ರಲ್ಲಿ ಪೂರ್ಣಾವಧಿ ಲೆಕ್ಕಕ್ಕೆ ಒಂದು ಸೆಮಿಸ್ಟರ್‌ಗೆ ಒಂದೇ ಆನ್‌ಲೈನ್ ಕ್ಲಾಸ್, 3 ಕ್ರೆಡಿಟ್ ತನಕ ಮಾತ್ರ ಸೇರುತ್ತದೆ. ಕೋಚ್‌ಗೆ ಇದು ಗೊತ್ತಿಲ್ಲದೇ ಇರಬಹುದು. ತಂಡದವರು ಮಾಡಿದ್ದನ್ನೇ ಮಾಡು ಅಂತ ಒಳ್ಳೆ ಮನಸ್ಸಿನಿಂದಲೇ ಹೇಳಬಹುದು. ಆಮೇಲೆ ಮೂರನೇ ವರ್ಷದ ಹೊತ್ತಿಗೆ ಡಿಗ್ರಿಯ ಶೇ. 40, ನಾಲ್ಕನೇ ವರ್ಷಕ್ಕೆ ಶೇ. 60 ಮುಗಿದಿರಬೇಕು. ಹಾಗಾಗಿ ಎರಡನೇ ವರ್ಷ ಮುಗಿಯುವಾಗ ಮೇಜರ್ (ಡಿಗ್ರಿಯ ಮುಖ್ಯ ವಿಷಯ) ಬದಲಿಸುವ ಮನಸ್ಸು ಬಂದರೆ ಅದನ್ನೂ ಮೊದಲೇ ಕೇಳಬೇಕು.

ಅಭ್ಯಾಸದ ಗಂಟೆಗಳಿಗೂ ಮಿತಿ ಇದೆ. ಸೀಸನ್‌ನಲ್ಲಿ ದಿನಕ್ಕೆ 4, ವಾರಕ್ಕೆ 20 ಗಂಟೆ, ವಾರಕ್ಕೆ ಒಂದು ದಿನ ರಜೆ. ಪಂದ್ಯದ ದಿನ ಐದು ಗಂಟೆ ಆಡಿದರೂ 3 ಗಂಟೆ ಅಂತಲೇ ಲೆಕ್ಕ. ಈ ಗಂಟೆಗಳ ಪಟ್ಟಿಯನ್ನು ಆಟಗಾರರೂ ನೋಡಿ ಒಪ್ಪಿಗೆ ಕೊಡಬೇಕಾಗುತ್ತದೆ. ತುಂಬಾ ಮಕ್ಕಳು ಓದದೆ ಒತ್ತಿಬಿಡುತ್ತಾರೆ. ಹಾಗೆ ಮಾಡಬಾರದು. ಆ ಪಟ್ಟಿ ಇರುವುದೇ ಅವರ ದೇಹ ಮತ್ತು ಓದನ್ನು ಕಾಯುವುದಕ್ಕೆ. 'ಇಷ್ಟ ಇದ್ದರೆ ಬನ್ನಿ' ಅಂತ ಕರೆದು, ಬಾರದವರನ್ನು ಮರುದಿನ ಕೋಚ್ ಯಾಕೆ ಅಂತ ಕೇಳಿದರೆ, ಅದು ಇಷ್ಟದ ಅಭ್ಯಾಸ ಅಲ್ಲ. ಅದನ್ನು ನಮಗೆ ಹೇಳಬಹುದು.

ಔಷಧಿಯ ಬಗ್ಗೆ ಅಮ್ಮಂದಿರಿಗೆ ಒಂದು ಮಾತು. ಸೂಟ್‌ಕೇಸ್‌ನಲ್ಲಿ ಚಟ್ನಿಪುಡಿ ಜೊತೆ ಲೇಹ್ಯ, ಶಕ್ತಿ ಬರುವ ಪುಡಿ, ಊರಿನ ಡಾಕ್ಟರ್ ಬರೆದ ಮಾತ್ರೆ ಇಡುತ್ತೀರಿ. ಎನ್‌ಸಿಎಎ ನಿಷೇಧಿತ ವಸ್ತುಗಳ ಪಟ್ಟಿ, ವಿಶ್ವ ಉದ್ದೀಪನ ಮದ್ದು ತಡೆ ಸಂಸ್ಥೆಯಾದ ವಾಡಾದ ಪಟ್ಟಿಗಿಂತ ಬೇರೆ. ಅದರಲ್ಲಿ ಕೆಫೀನ್‌ಗೂ ಮಿತಿ ಇದೆ. ಪುಡಿಯ ಡಬ್ಬಿಯ ಮೇಲೆ ಬರೆಯದ ವಸ್ತು ಒಳಗೆ ಇದ್ದು ಟೆಸ್ಟ್‌ನಲ್ಲಿ ಸಿಕ್ಕರೂ ಒಂದು ವರ್ಷ ಆಟ ಹೋಗಬಹುದು. ಎಲ್ಲದರ ಲೇಬಲ್ ಫೋಟೊ ತೆಗೆದು ತಂಡದ ಅಥ್ಲೆಟಿಕ್ ಟ್ರೈನರ್‌ಗೆ ಕಳಿಸಿ. ಆಸ್ತಮಾ ಇನ್‌ಹೇಲರ್ ಇದ್ದರೆ ಡಾಕ್ಟರ್ ಚೀಟಿ ಇಂಗ್ಲಿಷ್‌ನಲ್ಲಿ ಇರಲಿ.

ಬೆಟ್ಟಿಂಗ್ ಬಗ್ಗೆ ಮೇಲೆ ಹೇಳಿದೆ. ನಮ್ಮ ಮಕ್ಕಳು ಬೆಟ್ ಕಟ್ಟುವುದು ಕಡಿಮೆ. ಆದರೆ ಮಾರ್ಚ್‌ನಲ್ಲಿ ಬ್ಯಾಸ್ಕೆಟ್‌ಬಾಲ್ ಟೂರ್ನಮೆಂಟ್ ಬಂದಾಗ ಹಾಸ್ಟೆಲ್‌ನಲ್ಲಿ ಎಲ್ಲರೂ 5 ಡಾಲರ್ ಹಾಕಿ ಯಾರು ಗೆಲ್ಲುತ್ತಾರೆ ಅಂತ ಪಟ್ಟಿ ತುಂಬುತ್ತಾರೆ. ಅದೂ ಬೆಟ್ಟಿಂಗೇ. ಇನ್ನೊಂದು, ನಾಳೆ ಹಿಮ್ಮಡಿ ನೋವು, ನಾನು ಆಡಲ್ಲ ಅಂತ ಗೆಳೆಯನಿಗೆ ಹೇಳುವ ಮಾತು. ಆ ಗೆಳೆಯ ಬೆಟ್ ಕಟ್ಟುವವನಾಗಿದ್ದರೆ ಒಳಗಿನ ಸುದ್ದಿ ಕೊಟ್ಟ ಹಾಗಾಗುತ್ತದೆ. ಗಾಯದ ಮಾತು ಮನೆಯವರಿಗೆ, ಕೋಚ್‌ಗೆ, ಟ್ರೈನರ್‌ಗೆ ಮಾತ್ರ.

ಇಷ್ಟು ಮಾಡಿಯೂ ತಪ್ಪಾದರೆ? ಆಗುತ್ತದೆ. ನಮ್ಮ ಆಫೀಸಿನಿಂದ ಪ್ರತಿ ವರ್ಷ ಸಣ್ಣ ತಪ್ಪುಗಳನ್ನು ನಾವೇ ಎನ್‌ಸಿಎಎಗೆ ಬರೆದು ತಿಳಿಸುತ್ತೇವೆ. ಅವುಗಳಲ್ಲಿ ಹೆಚ್ಚಿನವು ಒಂದು ಮೊತ್ತವನ್ನು ದಾನಕ್ಕೆ ಕೊಟ್ಟು, ಒಂದು ಪತ್ರ ಬರೆದು ಮುಗಿಯುತ್ತವೆ. ಮುಗಿಯದೇ ಇರುವುದು ಮುಚ್ಚಿಟ್ಟಾಗ. 2009ರಲ್ಲಿ ಒಕ್ಲಹೋಮ ಸ್ಟೇಟ್‌ನ ಫುಟ್‌ಬಾಲ್ ಆಟಗಾರ ಡೆಜ್ ಬ್ರಯಂಟ್ ಮಾಜಿ ಆಟಗಾರ ಡಿಯಾನ್ ಸ್ಯಾಂಡರ್ಸ್ ಜೊತೆಗಿನ ಭೇಟಿಯ ಬಗ್ಗೆ ವಿಚಾರಣೆಯಲ್ಲಿ ನಿಜ ಹೇಳಲಿಲ್ಲ. ಭೇಟಿ ತಪ್ಪಾಗಿರಲಿಲ್ಲ. ಸುಳ್ಳು ತಪ್ಪಾಯಿತು. ಆ ಸೀಸನ್ ಅವರಿಗೆ ಅಲ್ಲಿಗೇ ಮುಗಿಯಿತು. ಮಗಳಿಗೆ ಭಯವಾದಾಗ ಮೊದಲು ನಿಮಗೆ ಹೇಳುವ ಧೈರ್ಯ ಇರಲಿ, ಆಮೇಲೆ ಆಫೀಸಿಗೆ. ವಿಷಯ ದೊಡ್ಡದು ಅನ್ನಿಸಿದರೆ ವಕೀಲರನ್ನೂ ಕೇಳಿ. ನಾವು ಕಾಲೇಜಿನ ಸಂಬಳ ತೆಗೆದುಕೊಳ್ಳುವವರು. ಮಗಳ ಪರ ಮಾತ್ರ ನಿಲ್ಲುವವರೊಬ್ಬರು ಆಗ ಬೇಕಾಗುತ್ತಾರೆ.

ಈ ವಾರ ಏನು ಮಾಡಬೇಕು ಅಂದರೆ, ಕೋಚ್‌ಗೆ ಮೇಲ್ ಹಾಕಿ ಕಂಪ್ಲಯನ್ಸ್ ಆಫೀಸ್‌ನಲ್ಲಿ ಟೆನಿಸ್ ನೋಡಿಕೊಳ್ಳುವವರ ಹೆಸರು ತೆಗೆದುಕೊಳ್ಳಿ. ಅವರಿಗೆ ಮಗಳ ಹೆಸರಿನಿಂದಲೇ, ನಿಮ್ಮನ್ನು ಸಿಸಿಯಲ್ಲಿಟ್ಟು, ಒಂದು ಮೇಲ್ ಹೋಗಲಿ. ಮೊದಲ ಸಾಲಿನಲ್ಲಿ ಅವಳು ಯಾರು, ಯಾವಾಗ ಸೇರುತ್ತಾಳೆ. ಆಮೇಲೆ ಬಹುಮಾನದ ಹಣದ ಶೀಟ್ ಲಗತ್ತಿಸಿ, ಇದರಲ್ಲಿ ತೊಂದರೆ ಇದೆಯಾ ಅಂತ. ಅಂಗಡಿಯ ಒಂದು ಪುಟದ ಒಪ್ಪಂದದ ಕರಡು ಲಗತ್ತಿಸಿ, ಸಹಿ ಹಾಕಬಹುದಾ ಅಂತ. ವೀಸಾದ ಭಾಗವನ್ನು ವಿದೇಶಿ ವಿದ್ಯಾರ್ಥಿಗಳ ಆಫೀಸ್‌ನವರನ್ನೂ ಕೇಳಿ ಹೇಳಿ ಅಂತ ಒಂದು ಸಾಲು. ಫೋನಿನಲ್ಲಿ ಉತ್ತರ ಕೊಟ್ಟರೆ, ಫೋನ್ ಇಟ್ಟ ಮೇಲೆ "ನೀವು ಹೀಗೆ ಹೇಳಿದಿರಿ, ಸರಿ ತಾನೇ?" ಅಂತ ಮತ್ತೊಂದು ಮೇಲ್. ಬಂದ ಉತ್ತರಗಳನ್ನೆಲ್ಲ ತಾರೀಕು ಸಮೇತ ಒಂದು ಫೋಲ್ಡರ್‌ಗೆ ಹಾಕಿ, ಮಗಳ ಮೊಬೈಲ್‌ನಲ್ಲೂ ನಿಮ್ಮ ಮೊಬೈಲ್‌ನಲ್ಲೂ ಇರಲಿ.

ಅಂಗಡಿಯವರಿಗೆ ಎರಡು ವಾರ ತಡೆಯಿರಿ ಅನ್ನಿ. ಆ ಉತ್ತರ ಕೈಗೆ ಬಂದ ಮೇಲೆ ಬ್ಯಾನರ್ ಪ್ರಿಂಟ್‌ಗೆ ಹೋಗಲಿ.